ಟೀಚರಮ್ಮನ ಹಲ್ಲಿನ ವಿಚಾರ

ಆ ಮಂಗಳವಾರ ಮಾಡಿದ ಕೆಲಸಗಳು ನನ್ನ ಪುಸ್ತಕದಲ್ಲಿ ಹೀಗಿವೆ. ಹಾಲು ಕಾಸಿ ಹೆಪ್ಪು ಹಾಕಿದ್ದು. ಬಟ್ಟೆಯ ಮಾಸ್ಕುಗಳನ್ನು ಬಿಸಿನೀರಿನಲ್ಲಿ ಒಗೆದು ಕೋಣೆ ಕಾಯಿಸುವ ರೇಡಿಯೇಟರಿನ ಮೇಲೆ ಒಣಹಾಕಿದ್ದು. ಮಗಳ ಆನ್‌ಲೈನ್ ಕ್ಲಾಸಿಗೆ ಅಡುಗೆಮನೆಯ ಮೇಜು ಬಿಟ್ಟುಕೊಟ್ಟು ನನ್ನ ಕಂಪ್ಯೂಟರನ್ನು ಇಸ್ತ್ರಿ ಮೇಜಿಗೆ ಸಾಗಿಸಿದ್ದು. ಕಾಗದದ ಕಸ ಹೊರಗಿಟ್ಟಿದ್ದು. ಅರವತ್ತು ವಾಕ್ಯ ಕೇಳಿ, ಕತ್ತರಿಸಿ, ಫಿಲ್ಟರಿಗೆ ಹಾಕಿದ್ದು. ಧಾರವಾಡಕ್ಕೆ ಫೋನ್ ಮಾಡಿ ಅವ್ವನಿಗೆ ಲಸಿಕೆ ಆಯಿತೇ ಎಂದು ವಿಚಾರಿಸಿದ್ದು. ತುರ್ಕಿ ಅಂಗಡಿಯಿಂದ ತಂದ ಮೆಂತ್ಯ ಸೋಸಿದ್ದು. ಕೊನೆಯ ಸಾಲು: ಟೀಚರಮ್ಮನಿಗೆ ಫೋನ್ ಮಾಡಿ, ಹಲ್ಲು ನಿಮ್ಮವೋ ಕಟ್ಟಿಸಿದ್ದೋ ಎಂದು ಕೇಳಿದ್ದು.

ಈ ಕೊನೆಯ ಸಾಲಿಗೆ ಬಂದಾಗಲೆಲ್ಲ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ. ಮೊದಲು ಕೇಳು ಎಂದವನ ಮೇಲೆ ಸಿಟ್ಟು ಬರುತ್ತದೆ, ಆಮೇಲೆ ಕೇಳಿದವಳ ಮೇಲೆ.

ನಾವಿದ್ದದ್ದು ನೆದರ್‌ಲ್ಯಾಂಡ್ಸಿನ ಜೂಟರ್‌ಮೀರ್ ಎಂಬ ಊರಿನಲ್ಲಿ. ನಮ್ಮವರು ನೀರಿನ ಕಟ್ಟೆಗಳ ಇಂಜಿನಿಯರು. ನಾನು ಮನೆಯಿಂದ ಸೈಕಲ್ಲಿನಲ್ಲಿ ಹತ್ತು ನಿಮಿಷದ ದೂರದ ಒಂದು ಸಣ್ಣ ಕಂಪನಿಯಲ್ಲಿ ಕೆಲಸಕ್ಕಿದ್ದೆ. ಬರೆದದ್ದನ್ನು ಕಂಪ್ಯೂಟರು ಗಟ್ಟಿಯಾಗಿ ಓದಿ ಹೇಳುವಂತೆ ಮಾಡುವುದು ಆ ಕಂಪನಿಯ ಕಸುಬು. ಅಲ್ಲಿಯವರೆಗೆ ಮಾಡಿದ್ದೆಲ್ಲ ಡಚ್ ದನಿಗಳು. ಆ ವರ್ಷ ಮೊದಲ ಬಾರಿಗೆ ವೆಲ್ಷ್ ಭಾಷೆಯ ಕೆಲಸ ಬಂತು. ವೆಲ್ಷ್ ಎಂದರೆ ಇಂಗ್ಲೆಂಡಿನ ಮಗ್ಗುಲಿಗಿರುವ ವೇಲ್ಸ್ ನಾಡಿನ ಮಾತು. ಇಂಗ್ಲಿಷಿನ ಒಂದು ಬಗೆ ಅಲ್ಲ, ಅದಕ್ಕಿಂತ ಹಳೆಯದು, ಬೇರೆಯದೇ. ಇದನ್ನು ನಾನು ನಮ್ಮ ಆಫೀಸಿನಲ್ಲೇ ಎಷ್ಟು ಜನಕ್ಕೆ ಬಿಡಿಸಿ ಹೇಳಿದ್ದೇನೋ.

ಯಂತ್ರಕ್ಕೆ ಮಾತು ಕಲಿಸಲು, ಅದನ್ನು ನಾವು ಟ್ರೈನಿಂಗ್ ಎನ್ನುತ್ತೇವೆ, ಒಬ್ಬರೇ ಮನುಷ್ಯರು ಸಾವಿರಾರು ವಾಕ್ಯಗಳನ್ನು ಒಂದೇ ಹದದಲ್ಲಿ ಓದಿ ರೆಕಾರ್ಡ್ ಮಾಡಿಕೊಡಬೇಕು. ಹಾಗೆ ಓದಲು ಒಪ್ಪಿದವರು ದೇಶದ ಉತ್ತರಕ್ಕೆ ಗ್ರೋನಿಂಗನ್ ಊರಿನ ಆಚೆಯ ಒಂದು ಹಳ್ಳಿಯಲ್ಲಿ ಡಚ್ ಗಂಡನ ಜೊತೆ ಇದ್ದ ಒಬ್ಬ ವೇಲ್ಸಿನ ಹೆಂಗಸು. ವಯಸ್ಸು ಎಪ್ಪತ್ತರ ಆಚೆ. ವೇಲ್ಸಿನಲ್ಲಿ ಚಿಕ್ಕ ಮಕ್ಕಳ ಶಾಲೆಯಲ್ಲಿ ಪಾಠ ಹೇಳಿದವರು. ನಾನು ಮನೆಯಲ್ಲಿ ಅವರನ್ನು ಟೀಚರಮ್ಮ ಎಂದೇ ಕರೆಯುತ್ತಿದ್ದೆ. ಕೊರೊನಾದಿಂದಾಗಿ ಸ್ಟುಡಿಯೋ ಮುಚ್ಚಿತ್ತು, ಯಾರ ಮನೆಗೂ ದಿನಕ್ಕೆ ಒಬ್ಬರಿಗಿಂತ ಹೆಚ್ಚು ಜನ ಹೋಗುವಂತಿರಲಿಲ್ಲ. ಹಾಗಾಗಿ ಮೈಕನ್ನು ಅಂಚೆಯಲ್ಲಿ ಕಳಿಸಿದೆವು. ಟೀಚರಮ್ಮ ಬಟ್ಟೆಯ ಕಪಾಟಿನ ಬಾಗಿಲು ತೆರೆದು, ಕೋಟುಗಳ ನಡುವೆ ಸ್ಟೂಲು ಹಾಕಿ, ತಲೆಯ ಮೇಲೆ ರಜಾಯಿ ಹೊದ್ದು ಓದುತ್ತಿದ್ದರು. ಓದುವ ಹೊತ್ತಿಗೆ ಗಂಡನನ್ನು ಸೈಕಲ್ ಹತ್ತಿಸಿ ಹೊರಗೆ ಅಟ್ಟುತ್ತಿದ್ದರು. ಫ್ರಿಜ್ಜಿನ ಗುಂಯ್ ಸದ್ದು ಬೀಳಬಾರದೆಂದು ಅದರ ಪ್ಲಗ್ ಕೀಳುತ್ತಿದ್ದರು. ಎರಡು ಸಲ ಮತ್ತೆ ಹಾಕಲು ಮರೆತು ಹಾಲು ಒಡೆದುಹೋಯಿತಂತೆ. ಅದನ್ನೂ ನಗುತ್ತಲೇ ಹೇಳಿದರು.

ಇಷ್ಟು ಕಷ್ಟ ಯಾಕೆ ಎಂದು ಒಮ್ಮೆ ಕೇಳಿದೆ. ವೇಲ್ಸಿನಲ್ಲಿ ಅವರಿಗೊಬ್ಬ ತಮ್ಮನಿದ್ದಾನೆ. ನರಗಳು ಒಂದೊಂದಾಗಿ ಸೋಲುವ ಕಾಯಿಲೆ. ಹಿಂದಿನ ವರ್ಷ ಮಾತು ಪೂರ್ತಿ ನಿಂತುಹೋಗಿತ್ತು. ಬೆರಳಿನಿಂದ ಪರದೆ ಮುಟ್ಟಿ ಬರೆದರೆ ಯಂತ್ರ ಓದಿ ಹೇಳುತ್ತದೆ, ಆದರೆ ಇಂಗ್ಲಿಷಿನಲ್ಲಿ. ಆಗ ಇದ್ದ ಒಂದೆರಡು ವೆಲ್ಷ್ ದನಿಗಳು ಅವನ ಯಂತ್ರಕ್ಕೆ ಹೊಂದುತ್ತಿರಲಿಲ್ಲ. "ಮದುವೆಯಾದಾಗಿನಿಂದ ಆ ಮನೆಯೊಳಗೆ ಗಂಡ ಹೆಂಡತಿ ಒಂದು ಮಾತೂ ಇಂಗ್ಲಿಷಿನಲ್ಲಿ ಆಡಿದವರಲ್ಲ" ಎಂದರು ಟೀಚರಮ್ಮ. "ಈಗ ಅವನು ಹೆಂಡತಿಯ ಹತ್ತಿರ ನೀರು ಕೇಳುವುದು ರೈಲ್ವೆ ಸ್ಟೇಷನ್ನಿನ ಅನೌನ್ಸ್‌ಮೆಂಟಿನ ಹಾಗೆ. ಆಕೆ ಅಡುಗೆಮನೆಗೆ ಹೋಗಿ ಅತ್ತು ಬರುತ್ತಾಳೆ." ಬೆರಳು ಎಷ್ಟು ದಿನ ಆಡುತ್ತದೋ ಡಾಕ್ಟರಿಗೂ ಗೊತ್ತಿರಲಿಲ್ಲ. ಹೋಗಿ ನೋಡೋಣವೆಂದರೆ ಗಡಿಗಳು ಬಂದ್. ಅದಕ್ಕೇ ಕಪಾಟು, ಅದಕ್ಕೇ ರಜಾಯಿ.

ನನಗೆ ವೆಲ್ಷ್ ಬರುತ್ತಿರಲಿಲ್ಲ, ಈಗಲೂ ಬರುವುದಿಲ್ಲ. ಬರೆದ ಅಕ್ಷರಕ್ಕೂ ಓದಿದ ಸದ್ದಿಗೂ ತಾಳೆಯಾಗುತ್ತದೆಯೇ ಎಂದು ಕೇಳಿ ನೋಡುವುದು ನನ್ನ ಕೆಲಸ. ಆ ಭಾಷೆಯಲ್ಲಿ ಒಂದು ಸದ್ದಿದೆ. ಬರೆಯುವಾಗ ಇಂಗ್ಲಿಷಿನ ಎಲ್ ಅಕ್ಷರವನ್ನು ಎರಡು ಸಲ ಬರೆಯುತ್ತಾರೆ. ನಾಲಿಗೆಯನ್ನು 'ಲ' ಹೇಳುವ ಜಾಗದಲ್ಲಿ ಇಟ್ಟು, ದನಿ ತೆಗೆಯದೆ, ಪಕ್ಕದಿಂದ ಗಾಳಿ ಬಿಡಬೇಕು. ಕಾದ ಹಂಚಿನ ಮೇಲೆ ನೀರು ಚಿಮುಕಿಸಿದ ಹಾಗೆ ಕೇಳುತ್ತದೆ. ಹಾಲು, ಚಮಚ, ಪುಸ್ತಕ, ಅವರ ಭಾಷೆಯಲ್ಲಿ ಮೂರೂ ಶುರುವಾಗುವುದು ಈ ಸದ್ದಿನಿಂದ. ಮೊದಲ ವಾರವೆಲ್ಲ ನಾನೂ ಮಗಳೂ ಪಾತ್ರೆ ತೊಳೆಯುತ್ತ ಅದನ್ನು ಹೇಳಲು ಯತ್ನಿಸಿ ಕಿಟಕಿಗೆ ಉಗುಳು ಹಾರಿಸಿದ್ದೆವು.

ಕೇಳಿ ಸರಿ ಎನಿಸಿದ ವಾಕ್ಯವನ್ನು ಫಿಲ್ಟರಿಗೆ ಹಾಕಬೇಕು. ಫಿಲ್ಟರ್ ಎಂದರೆ ರೆಕಾರ್ಡಿಂಗಿನಲ್ಲಿರುವ ಗಾಳಿಯ ಸದ್ದು, ಹೀಟರಿನ ಸದ್ದು ಇಂಥದನ್ನೆಲ್ಲ ಒರೆಸಿ ಹಾಕುವ ಸಾಫ್ಟ್‌ವೇರು. ಒಂದು ಗುಂಡಿ ಒತ್ತಿದರೆ ಆಯಿತು. ಒರೆಸಿದ ಮೇಲೆ ಮತ್ತೆ ಕೇಳಬೇಕಿಲ್ಲ, ಉದ್ದ ಸರಿಯಿದೆಯೇ ನೋಡಿದರೆ ಸಾಕು ಎಂದು ನಮ್ಮ ನಿಯಮ. ನಿಯಮ ಮಾಡಿದವರಿಗೆ ಸಮಯ ಉಳಿಸಬೇಕಿತ್ತು. ನಾನೂ ಪ್ರಶ್ನೆ ಮಾಡದೆ ತಿಂಗಳುಗಟ್ಟಲೆ ಗುಂಡಿ ಒತ್ತಿದೆ.

ನಮ್ಮ ಮ್ಯಾನೇಜರು ಮೈಸೂರಿನ ಹುಡುಗ. ನನಗಿಂತ ಹದಿನೈದು ವರ್ಷವಾದರೂ ಚಿಕ್ಕವನು. ಕೆಟ್ಟವನೆಂದು ಹೇಳಲಾರೆ, ದೀಪಾವಳಿಗೆ ನಮ್ಮಲ್ಲಿ ಬಂದು ಶೇಂಗಾ ಹೋಳಿಗೆ ತಿಂದು ಹೋದವನು. ಆ ಮಂಗಳವಾರ ಮಧ್ಯಾಹ್ನ ಅವನದೇ ಫೋನು.

"ಅಕ್ಕ, ಒಂದ್ ಸೆನ್ಸಿಟಿವ್ ವಿಷ್ಯ. ನೀವೇ ಕೇಳಿದ್ರೆ ಚೆನ್ನಾಗಿರತ್ತೆ."

"ಏನದು, ಹೇಳ್ರಿ."

"ಮೆಷಿನ್ ಮಾತಾಡಿದ ಮೊದಲ್ನೇ ಸ್ಯಾಂಪಲ್ ವೇಲ್ಸಿಗೆ ಕಳಿಸಿದ್ವಲ್ಲ. ಟೆಸ್ಟ್ ಮಾಡಿದೋರು ಏನ್ ಬರ್ದಿದ್ದಾರೆ ಗೊತ್ತಾ? ಹಲ್ಲಿಲ್ದೋರು ಮಾತಾಡ್ದಂಗಿದೆ, ಆ ಡಬಲ್ ಎಲ್ ಎಲ್ಲೂ ಕೇಳ್ಸಲ್ಲ ಅಂತ. ನಂಗನ್ಸತ್ತೆ ಆಯಮ್ಮಂದು ಡೆಂಚರ್ ಇರ್ಬೇಕು. ವಯಸ್ಸಾಗಿದೆ ಅಲ್ವಾ."

"ಅದನ್ನ ನಾ ಹೆಂಗ ಕೇಳ್ಲಿರಿ? ನೀವ ಕೇಳ್ರಿ."

"ನಾನ್ ಕೇಳಿದ್ರೆ ಹೆಚ್ಚುಕಮ್ಮಿ ಆಗತ್ತೆ. ನೀವು ಲೇಡೀಸು, ಹಾಗೇ ಮಾತ್ಮಾತಲ್ಲಿ ಕೇಳಿ. ಡೆಂಚರ್ ಆದ್ರೆ ರೆಕಾರ್ಡಿಂಗ್ ಅಷ್ಟೂ ವೇಸ್ಟು. ಮೊದ್ಲೇ ಕೇಳ್ಬೇಕಿತ್ತು ನಾವು."

ಕೇಳಿದೆ. ಮೊದಲು ಹವಾಮಾನ ಕೇಳಿದೆ, ಗಂಡನ ಮಂಡಿನೋವು ಕೇಳಿದೆ, ಆಮೇಲೆ ಇದನ್ನೂ ಕೇಳಿಬಿಟ್ಟೆ. ಆ ಕಡೆ ಗೋಡೆ ಗಡಿಯಾರ ಟಿಕ್ ಟಿಕ್ ಎನ್ನುವುದು ನನಗೆ ಕೇಳಿಸಿತು.

"ಎಲ್ಲ ನನ್ನವೇ" ಎಂದರು. "ದವಡೆಯ ಹಿಂದಿನದು ಒಂದು ಮಾತ್ರ ಇಲ್ಲ. ಹದಿನಾರು ವರ್ಷದವಳಿದ್ದಾಗ ನನ್ನ ತಮ್ಮ ನನ್ನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೋಗಿ ಇಳಿಜಾರಿನಲ್ಲಿ ಬೀಳಿಸಿದ. ಅದರಿಂದ ತೊಂದರೆಯಾಯಿತೇ?"

ಇಲ್ಲ ಇಲ್ಲ, ಸುಮ್ಮನೆ ಒಂದು ಫಾರ್ಮ್ ತುಂಬಬೇಕಿತ್ತು ಎಂದೆ. ಅವರು ನಂಬಲಿಲ್ಲ. "ತಪ್ಪು ನನ್ನದೇ ಇರಬೇಕು. ಶಾಲೆ ಬಿಟ್ಟು ಬಹಳ ವರ್ಷವಾಯಿತು, ಬಾಯಿ ಸೋಮಾರಿಯಾಗಿದೆ. ಕೊಟ್ಟ ವಾಕ್ಯಗಳನ್ನು ಮತ್ತೆ ಓದುತ್ತೇನೆ. ಕ್ಷಮಿಸಿ" ಎಂದರು. ಮಕ್ಕಳಿಗೆ ಅದೇ ಭಾಷೆಯ ಅಕ್ಷರ ತಿದ್ದಿಸಿದವರು, ಆ ಭಾಷೆಯ ಒಂದು ಮಾತೂ ಆಡಲು ಬಾರದ ನನ್ನ ಹತ್ತಿರ ಕ್ಷಮೆ ಕೇಳಿದರು.

ಫೋನಿಟ್ಟಾಗ ಮಗಳು ಮೇಜಿನಿಂದ ತಲೆ ಎತ್ತಿ ನೋಡುತ್ತಿದ್ದಳು.

"ಅಮ್ಮಾ, ನೀ ಅವರ ಟೀತ್ ಬಗ್ಗೆ ಕೇಳಿದಿ? ದಟ್ಸ್ ಸೋ ರೂಡ್."

"ನೀ ನಿನ್ನ ಕ್ಲಾಸ್ ನೋಡು."

"ಬ್ರೇಕ್ ಅದ. ಬಟ್ ಸ್ಟಿಲ್ ರೂಡ್."

ಗುರುವಾರ ಬೆಳಗಿನ ಹೊತ್ತಿಗೆ ಟೀಚರಮ್ಮನ ಹೊಸ ಫೈಲುಗಳು ಬಂದಿದ್ದವು. ಎರಡು ದಿನ ಕಪಾಟಿನಲ್ಲಿ ಕೂತಿರಬೇಕು. ಅಕ್ಷರಕ್ಕೊಂದು ಜೀವ ಬಿಡುವವರ ಹಾಗೆ ಒತ್ತಿ ಒತ್ತಿ ಓದಿದ್ದರು. ಒಂದು ವಾಕ್ಯದ ಕೊನೆಗೆ ಕೆಮ್ಮಿದ್ದೂ ಇತ್ತು. ಆ ಸದ್ದು ಮಾತ್ರ ಒಂದೊಂದು ಕಡೆಯೂ ನಿಚ್ಚಳವಾಗಿತ್ತು. ನನಗೆ ಆಶ್ಚರ್ಯವಾಗಲಿಲ್ಲ, ಯಾಕೆಂದರೆ ಹಳೆಯ ಫೈಲುಗಳಲ್ಲೂ ನಾನು ಅದನ್ನು ಕೇಳಿಯೇ ಮುಂದೆ ಕಳಿಸಿದ್ದೆ. ಹಾಗಾದರೆ ಸ್ಯಾಂಪಲಿನಲ್ಲಿ ಎಲ್ಲಿ ಹೋಯಿತು?

ಹನ್ನೊಂದಕ್ಕೆ ವಿಡಿಯೋ ಮೀಟಿಂಗು. ಅಡುಗೆಮನೆಯಲ್ಲಿ ಬೇಳೆಗಿಟ್ಟಿದ್ದೆ, ಇಳಿಸಲು ಮರೆತಿದ್ದೆ. ನಾನು ಮಾತಾಡುತ್ತಿರುವಾಗಲೇ ಬೆನ್ನ ಹಿಂದೆ ಕುಕ್ಕರು ಸುಸ್ಸೆಂದು ಶುರುವಾಗಿ ಉದ್ದಕ್ಕೆ ಸೀಟಿ ಹೊಡೆಯಿತು. ಮಗಳು ಓಡಿಹೋಗಿ ಒಲೆ ಆರಿಸಿದಳು. "ಸಾರಿ, ನನ್ನ ಕುಕ್ಕರು" ಎಂದೆ.

"ಯಾವ ಕುಕ್ಕರ್ ಅಕ್ಕ?" ಎಂದ ಮ್ಯಾನೇಜರು. "ನಮಗೇನೂ ಕೇಳಿಸ್ಲಿಲ್ಲ. ಮೀಟಿಂಗಲ್ಲೂ ನಮ್ಮ ಫಿಲ್ಟರೇ ಹಾಕ್ಸಿದೀನಿ. ಸುಸ್ ಅನ್ನೋದನ್ನೆಲ್ಲ ಹೊಡೆದ್ಹಾಕತ್ತೆ." ಅವನ ಮುಖದಲ್ಲಿ ಹೆಮ್ಮೆ.

ನಾನು ಪುಸ್ತಕದಲ್ಲಿ 'ಸುಸ್' ಎಂದು ಬರೆದುಕೊಂಡೆ. ಮೀಟಿಂಗ್ ಮುಗಿದ ಮೇಲೆ ಟೀಚರಮ್ಮನ ಹೊಸ ವಾಕ್ಯವೊಂದನ್ನು ತೆಗೆದುಕೊಂಡೆ. ಹಾಲು ಎಂಬ ಪದವಿದ್ದ ವಾಕ್ಯ. ಹಾಗೇ ಕೇಳಿದೆ, ಸರಿಯಿತ್ತು. ಫಿಲ್ಟರಿಗೆ ಹಾಕಿ ಮತ್ತೆ ಕೇಳಿದೆ. ಪದದ ತಲೆ ಹಾರಿಹೋಗಿತ್ತು. ಚಮಚದ್ದೂ ಹಾರಿತ್ತು, ಪುಸ್ತಕದ್ದೂ ಹಾರಿತ್ತು. ಟೀಚರಮ್ಮ ಬಾಯೊಳಗಿಂದ ಬಿಟ್ಟ ಗಾಳಿಯನ್ನು ಫಿಲ್ಟರು ಹೀಟರಿನ ಗಾಳಿಯೆಂದು ತಿಳಿದು ಒರೆಸಿತ್ತು. ಹಾಗೆ ತಲೆ ಹಾರಿದ ಪದಗಳಿಂದ ಮಾತು ಕಲಿತ ಯಂತ್ರ ಬೊಚ್ಚುಬಾಯಿಯಾಗದೆ ಇನ್ನೇನಾದೀತು.

ಆಗ ನೆನಪಾದದ್ದು ಇದು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಇದೇ ಫಿಲ್ಟರು ಡಚ್ ಮಾತಿನಲ್ಲಿ ಬರುವ ಗಂಟಲು ಕೆರೆಯುವ ಸದ್ದನ್ನೂ ತಿಂದುಹಾಕುತ್ತಿತ್ತು. ಡಚ್ ಸಹೋದ್ಯೋಗಿಗಳು ಗದ್ದಲ ಮಾಡಿದರು. ವಾರಗಟ್ಟಲೆ ಕೂತು, ಆ ಸದ್ದನ್ನು ಮುಟ್ಟಬೇಡ ಎಂದು ಅದಕ್ಕೆ ಕಲಿಸಿದರು. ಅವರ ಗಂಟಲು ಅವರಿಗೆ ಮಾತು. ಇವರ ನಾಲಿಗೆ ಮಾತ್ರ ಕಸವಾಯಿತು. ಯಾರೂ ಒಂದು ದಿನ ನಿಂತು ಕೇಳಲಿಲ್ಲ. ತಪ್ಪು ಕಂಡಾಗ ಮೊದಲು ಹುಡುಕಿದ್ದು ಸಾಫ್ಟ್‌ವೇರಿನಲ್ಲಲ್ಲ, ಮುದುಕಿಯ ಬಾಯಲ್ಲಿ.

ಮ್ಯಾನೇಜರಿಗೆ ಫೋನ್ ಮಾಡಿ ಎರಡು ಫೈಲುಗಳನ್ನೂ ಕೇಳಿಸಿದೆ. ಅವನು ಮೂರು ಸಲ ಕೇಳಿದ.

"ಹೌದಲ್ಲ" ಎಂದ. ಆಮೇಲೆ ನಿಟ್ಟುಸಿರು. "ಆದ್ರೆ ಅಕ್ಕ, ಸೋಮವಾರ ಟ್ರೈನಿಂಗ್‌ಗೆ ಮೆಷಿನ್ ಬುಕ್ ಆಗಿದೆ. ಎಲ್ಲಾ ಫೈಲ್ ಈಗ ರೀಡೂ ಮಾಡಕ್ಕಾಗತ್ತಾ? ಆ ಸ್ಲಾಟ್ ಬೇರೆ ಲ್ಯಾಂಗ್ವೇಜಿಗೆ ಕೊಟ್ಬಿಡ್ತೀನಿ. ವೆಲ್ಷ್ ಮುಂದಿನ ವರ್ಷ ನೋಡೋಣ. ಕೊರೊನಾ ಮುಗೀಲಿ, ಸ್ಟುಡಿಯೋಲಿ ಯಾರಾದ್ರೂ ಪ್ರೊಫೆಷನಲ್‌ನ ಕೂರಿಸೋಣ."

"ಆಕಿ ತಮ್ಮ ಮುಂದಿನ ವರ್ಷದ ತನಕ ಏನ್ ಮಾಡಬೇಕ್ರಿ?"

"ಇಂಗ್ಲಿಷ್ ವಾಯ್ಸ್ ಇದ್ಯಲ್ಲ ಅವ್ರಿಗೆ. ಅವ್ರೆಲ್ಲರಿಗೂ ಇಂಗ್ಲಿಷ್ ಬರತ್ತೆ ಅಕ್ಕ, ಪ್ರಾಬ್ಲಮ್ ಏನಿಲ್ಲ."

ಈ ಮಾತನ್ನು ನಾನು ಎಲ್ಲೆಲ್ಲಿ ಕೇಳಿಲ್ಲ. ನಮ್ಮೂರ ಬ್ಯಾಂಕಿನ ಕೌಂಟರಿನಲ್ಲಿ ಕೇಳಿದ್ದೇನೆ, ವಿಮಾನದೊಳಗೆ ಕೇಳಿದ್ದೇನೆ, ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಅವ್ವನ ಪಕ್ಕ ನಿಂತು ಕೇಳಿದ್ದೇನೆ. ನಿಮಗೆ ಅದು ಬರುತ್ತಲ್ಲ, ಇದು ಯಾಕೆ. ಅದನ್ನು ಈಗ ನನಗೆ ಕನ್ನಡದಲ್ಲೇ ಹೇಳುತ್ತಿದ್ದವನು, ದಿನಾ ಮಧ್ಯಾಹ್ನ ಡಬ್ಬಿ ಬಿಚ್ಚಿದೊಡನೆ ತಾಯಿಗೆ ಫೋನ್ ಹಚ್ಚಿ 'ಊಟ ಆಯ್ತಾಮ್ಮ' ಎನ್ನುವ ಹುಡುಗ. ಅಲ್ಲಿಯವರೆಗೆ ಅವನಿಗೆ ರೀ ಬಿಟ್ಟು ಮಾತಾಡಿಸಿದವಳಲ್ಲ ನಾನು. ಅಂದು ಬಿಟ್ಟೆ.

"ತಮ್ಮಾ, ನಾಳೆ ನಿಮ್ಮವ್ವನ ದನಿ ಹೋತು ಅಂತ ತಿಳ್ಕೊ. ಆಕಿ ನಿನ್ನ ಊಟಕ್ಕ ಕರಿಯೂದು ಇಂಗ್ಲಿಷಿನ್ಯಾಗ ಆದ್ರ ನಿನಗ ನಡೀತದೇನು?"

"ಅಕ್ಕ, ಪರ್ಸನಲ್ ಆಗ್ಬೇಡಿ."

"ಹಲ್ಲಿನ ವಿಚಾರ ಕೇಳೋವಾಗ ಪರ್ಸನಲ್ ಆಗಿರಲಿಲ್ಲೇನು?"

ಆ ಕಡೆ ಅವನು ಕೀಬೋರ್ಡು ಕುಟ್ಟುವುದು ಕೇಳಿಸಿತು. ಕೊನೆಗೆ, "ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ ಕ್ಲೀನ್ ಫೈಲ್ ಇದ್ರೆ ಹಾಕ್ತೀನಿ. ಇಲ್ಲಾಂದ್ರೆ ನನ್ನ ಕೇಳ್ಬೇಡಿ" ಎಂದು ಇಟ್ಟುಬಿಟ್ಟ.

ಮಧ್ಯಾಹ್ನದ ಊಟಕ್ಕೆ ಕೂತಾಗ ನಮ್ಮವರಿಗೆ ಎಲ್ಲ ಹೇಳಿದೆ. ಅವರು ಅನ್ನ ಕಲಸುತ್ತ ಕೇಳಿದರು.

"ಗುಂಡಿ ಒತ್ತಿದ್ದು ಯಾರು?"

"ನಾನ."

"ಹಂಗಾರ ಅರ್ಧ ಸಿಟ್ಟು ಇಲ್ಲೇ ಇಟ್ಕೊ, ಎಲ್ಲಾ ಅವನ ಮ್ಯಾಲೆ ಹಾಕಬ್ಯಾಡ."

"ಇಟ್ಕೊಂಡೀನ್ರಿ. ಅದಕ್ಕ ಅನ್ನ ಇಳೀವಲ್ದು."

ದಾರಿ ತೋರಿಸಿದವರೂ ಅವರೇ. ಎಲ್ಲ ಫೈಲನ್ನೂ ಮತ್ತೆ ಮಾಡುವುದು ಬೇಡ, ಎರಡು ಎಲ್ ಇರುವ ವಾಕ್ಯಗಳ, ಫಿಲ್ಟರಿಗೆ ಹಾಕುವ ಮುಂಚಿನ ಮೂಲ ಫೈಲುಗಳನ್ನು ಮಾತ್ರ ಹುಡುಕು, ಮಾತಿರುವ ಕಡೆ ಫಿಲ್ಟರನ್ನು ಮುಟ್ಟಿಸಬೇಡ, ಮಾತಿನ ಹಿಂದೆ ಮುಂದೆ ಇರುವ ಖಾಲಿ ಜಾಗ ಮಾತ್ರ ಒರೆಸು ಎಂದರು. ಶುಕ್ರವಾರದಿಂದ ಭಾನುವಾರದವರೆಗೆ ನಮ್ಮ ಮನೆ ನಡೆದದ್ದು ಹೀಗೆ: ಮಗಳು ವಾಕ್ಯ ಹುಡುಕಿ ಪಟ್ಟಿ ಮಾಡುವುದು, ನಾನು ಇಸ್ತ್ರಿ ಮೇಜಿನ ಮುಂದೆ ಹೆಡ್‌ಫೋನ್ ಹಾಕಿ ಒಂದೊಂದನ್ನೂ ಕೇಳಿ ಒರೆಸುವುದು, ನಮ್ಮವರು ಅಡುಗೆ. ಶುಕ್ರವಾರ ಉಪ್ಪಿಟ್ಟು, ಶನಿವಾರವೂ ಉಪ್ಪಿಟ್ಟು. ಮಗಳು "ಪಪ್ಪಾ, ಎಖ್ಟ್ ನೀತ್", ಸಾಧ್ಯವೇ ಇಲ್ಲ, ಎಂದು ಡಚ್ಚಿನಲ್ಲಿ ಹೇಳಿ ತಟ್ಟೆ ದೂಡಿದಳು, ಆಮೇಲೆ ತಿಂದಳು. ಕೇಳುತ್ತ ಕೇಳುತ್ತ ಟೀಚರಮ್ಮನ ಮನೆಯ ಸದ್ದುಗಳೆಲ್ಲ ನನಗೆ ಪರಿಚಯವಾದವು. ಒಂದು ಟ್ರ್ಯಾಕ್ಟರ್, ಕಡಲಹಕ್ಕಿಗಳು, ಗಂಡ ಬೇಗ ಮರಳಿ ಬಂದು ಸೈಕಲ್ಲನ್ನು ಗೋಡೆಗೆ ಒರಗಿಸಿದ್ದು. ಅವುಗಳನ್ನು ಒರೆಸುವಾಗ ಕೈ ತಡೆಯುತ್ತಿತ್ತು, ಆದರೂ ಒರೆಸಿದೆ. ಪ್ರತಿ ವಾಕ್ಯವನ್ನೂ ಒರೆಸಿದ ಮೇಲೆ ಇನ್ನೊಮ್ಮೆ ಕೇಳಿದೆ. ಯಾವ ನಿಯಮವೂ ಕೇಳು ಎಂದಿರಲಿಲ್ಲ.

ಸೋಮವಾರ ಎಂಟಕ್ಕೆ ಹತ್ತು ನಿಮಿಷವಿರುವಾಗ ಫೈಲು ಕಳಿಸಿದೆ. ಮ್ಯಾನೇಜರು ಮಾತಿಗೆ ತಪ್ಪಲಿಲ್ಲ, ಟ್ರೈನಿಂಗಿಗೆ ಹಾಕಿದ. ಆದರೆ ಆ ವಾರದ ವರದಿಯಲ್ಲಿ ಅವನು ಬರೆದ ಸಾಲು: 'ಓದುಗರ ರೆಕಾರ್ಡಿಂಗ್ ಗುಣಮಟ್ಟದ ಸಮಸ್ಯೆ ಬಗೆಹರಿದಿದೆ.' ಓದುಗರ ಸಮಸ್ಯೆ. ನಾನು ಕ್ಷಮೆಯ ಕಾಗದವೊಂದನ್ನು ಇಂಗ್ಲಿಷಿನಲ್ಲಿ ಬರೆದು, ಕಂಪನಿಯ ಪರವಾಗಿ ಸಹಿ ಹಾಕಿ ಎಂದು ಕಳಿಸಿದೆ. "ತಪ್ಪು ಒಪ್ಕೊಂಡಂಗಾಗತ್ತೆ, ಲೀಗಲ್ ಹತ್ರ ಕೇಳ್ಬೇಕು ಅಕ್ಕ" ಎಂದ. ಲೀಗಲ್‌ನವರು ಇವತ್ತಿಗೂ ಉತ್ತರ ಕೊಟ್ಟಿಲ್ಲ. ಒಂದು ವಾರ ಕಾದು, ನನ್ನ ಸಹಿಯನ್ನೇ ಹಾಕಿ, ಒಂದು ಡಬ್ಬಿ ಶೇಂಗಾ ಉಂಡಿಯ ಜೊತೆ ಅಂಚೆಗೆ ಹಾಕಿದೆ. ಗುಂಡಿ ಒತ್ತಿದವಳು ನಾನು, ನಿಮ್ಮ ಬಾಯಿಯಲ್ಲಿ ಯಾವ ದೋಷವೂ ಇರಲಿಲ್ಲ ಎಂದು ಬರೆದಿದ್ದೆ.

ಟೀಚರಮ್ಮ ಅದಕ್ಕೆ ಫೋನ್ ಮಾಡಿದರು. "ಹಾಗಾದರೆ ನನ್ನ ಹಲ್ಲು ಪಾಸಾಯಿತು" ಎಂದರು. ಆಮೇಲೆ, "ಆ ಎರಡು ದಿನ ನಾನು ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದೆ, ಗೊತ್ತೇ" ಎಂದರು. ಅದನ್ನು ನಗುತ್ತ ಹೇಳಲಿಲ್ಲ.

ದನಿ ತಯಾರಾಗಿ ತಮ್ಮನ ಯಂತ್ರದೊಳಗೆ ಕೂರುವ ಹೊತ್ತಿಗೆ ಮೇ ತಿಂಗಳು. ಅಷ್ಟರಲ್ಲಿ ಅವನ ಬಲಗೈ ನಿಂತಿತ್ತು, ಎಡಗೈಯ ಒಂದು ಬೆರಳು ಇತ್ತು. ಒಂದು ಸಂಜೆ ನಾನು ರೊಟ್ಟಿಗೆ ಹಿಟ್ಟು ಕಲಸುತ್ತಿದ್ದಾಗ ಫೋನು ಬಂತು. ಹಿಟ್ಟಿನ ಕೈ ಎಂದು ಮಗಳು ಸ್ಪೀಕರಿಗೆ ಹಾಕಿದಳು.

"ಮಾತಾಡಿದ" ಎಂದರು ಟೀಚರಮ್ಮ. "ಮೊದಲ ಮಾತೇ ತಕರಾರು. ಚಹಾಕ್ಕೆ ಹಾಲು ಸಾಲದು, ಇನ್ನೊಂದು ಚಮಚ ಹಾಕು ಅಂತ."

ಹಾಲು, ಚಮಚ. ಎರಡೂ ಕೇಳಿಸಿತೇ ಎಂದೆ.

"ಎರಡೂ. ಅವನ ಹೆಂಡತಿ ಹಾಲು ತರಲು ಹೋಗಲೇ ಇಲ್ಲ, ಇನ್ನೊಮ್ಮೆ ಹೇಳಿಸಿದಳು. ಆಮೇಲೆ ನನಗೆ ಫೋನ್ ಮಾಡಿ ಜಗಳ. ಇಷ್ಟು ವರ್ಷ ಗಂಡನ ಅಕ್ಕನನ್ನು ಸಮುದ್ರದಾಚೆ ಇಟ್ಟು ನೆಮ್ಮದಿಯಾಗಿದ್ದೆ, ಈಗ ಗಂಡನ ಬಾಯಿಂದ ಅವಳೇ ಹುಕುಂ ಮಾಡುತ್ತಾಳೆ ಅಂತ." ಈ ಸಲ ನಕ್ಕರು. ಹಾಗೆ ನಗುತ್ತಲೇ ಮೂಗು ಒರೆಸಿಕೊಂಡದ್ದೂ ಕೇಳಿಸಿತು.

ನಾನು ಮ್ಯಾನೇಜರಿಗೆ ಒಂದು ಸಾಲಿನ ಮೆಸೇಜು ಹಾಕಿದೆ: 'ಅವರ ತಮ್ಮ ವೆಲ್ಷಿನಲ್ಲಿ ಹೆಂಡತಿಯ ಹತ್ತಿರ ಹಾಲು ಕೇಳಿದರು.' ಅವನು ಹೆಬ್ಬೆರಳಿನ ಚಿತ್ರ ಕಳಿಸಿದ. ಅದನ್ನು ನೋಡಿ ಮತ್ತೆ ಸಿಟ್ಟು ಬಂತು. ಫೋನನ್ನು ಬೋರಲು ಹಾಕಿ ಹಂಚಿಗೆ ನೀರು ಚಿಮುಕಿಸಿದೆ. ಕಾದಿತ್ತು.

ಆ ಸಂಜೆ ಊಟಕ್ಕೆ ಜೋಳದ ರೊಟ್ಟಿ, ಮೆಂತ್ಯದ ಪಲ್ಯ, ಶೇಂಗಾ ಚಟ್ನಿ, ಮೊಸರು. ಮಗಳು ಮೂರು ರೊಟ್ಟಿ ತಿಂದಳು, ನಾನು ನಾಲ್ಕು. ನಮ್ಮವರು ಪಾತ್ರೆ ತೊಳೆಯುತ್ತೇನೆ ಎಂದರು. ದಿನವೂ ಮನೆಯಲ್ಲಿ ಕೊನೆಗೆ ದೀಪ ಆರಿಸುವ ನಾನು ಅಂದು ಎಲ್ಲರಿಗಿಂತ ಮೊದಲು ಮಲಗಿದೆ.